ಪುದುಚೇರಿಯಲ್ಲಿ ಮೂರು ರಾತ್ರಿ: ಕೋಣೆ ಕಾಯ್ದಿರಿಸುವ ಮುನ್ನ ಓದಬೇಕಾದ ಮಾರ್ಗದರ್ಶಿ

ಪುದುಚೇರಿಯಲ್ಲಿ ಎಲ್ಲಿ ಉಳಿಯಬೇಕು, ಎಷ್ಟು ದಿನ ಬೇಕು, ಯಾವ ತಿಂಗಳು ಒಳ್ಳೆಯದು ಎಂಬ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳಿತೆನಿಸಿತು. ಬೆಂಗಳೂರಿನಿಂದ ಸುಮಾರು 310 ಕಿಲೋಮೀಟರ್ ದೂರದ ಈ ಊರಿಗೆ ನಮ್ಮಲ್ಲಿಂದ ಹೋಗುವವರಲ್ಲಿ ಬಹಳ ಮಂದಿ ಶನಿವಾರ ಮಧ್ಯಾಹ್ನ ತಲುಪಿ, ಭಾನುವಾರ ಮಧ್ಯಾಹ್ನ ಹೊರಟು, ‘ಅಂಥದ್ದೇನೂ ಇಲ್ಲ, ನಾಲ್ಕು ಹಳದಿ ಗೋಡೆ’ ಎನ್ನುತ್ತ ಹಿಂದಿರುಗುತ್ತಾರೆ. ಅವರ ಮಾತನ್ನು ಸುಳ್ಳೆನ್ನಲಾಗದು. ಅವರು ಹಾಕಿಕೊಂಡ ಯೋಜನೆಗೆ ಆ ಊರು ಕಾಣಿಸುವುದೇ ಅಷ್ಟು.

ಕಾರವಾರ, ಗೋಕರ್ಣ, ಮಲ್ಪೆಗಳನ್ನು ಕಂಡವರಿಗೆ ಕಡಲತೀರವೆಂದರೆ ಸಂಜೆಯ ಹೊತ್ತು, ಮುಳುಗುವ ಸೂರ್ಯ. ಪುದುಚೇರಿ ಇರುವುದು ಪೂರ್ವ ಕರಾವಳಿಯಲ್ಲಿ. ಇಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಊರಿನ ಹಿಂದೆ ಮುಳುಗುತ್ತಾನೆ. ಊರಿನ ಚೆಲುವೆಲ್ಲ ಬೆಳಗಿನ ಐದೂವರೆಯಿಂದ ಒಂಬತ್ತರ ನಡುವೆ ತೆರೆದುಕೊಳ್ಳುತ್ತದೆ. ಆದ್ದರಿಂದ ಮುಂದೆ ಹೇಳುವ ಎಲ್ಲ ಸಲಹೆಗಳ ಬುಡದಲ್ಲಿ ಇರುವುದು ಒಂದೇ ಲೆಕ್ಕ: ನಸುಕಿನಲ್ಲಿ ಎದ್ದು, ವಾಹನದ ಹಂಗಿಲ್ಲದೆ, ಹತ್ತು ನಿಮಿಷ ನಡೆದು ಕಡಲನ್ನು ಮುಟ್ಟುವಂಥ ಕಡೆ ನೀವು ಉಳಿದಿರಬೇಕು.

1. ತಿಂಗಳನ್ನು ಆರಿಸಿಕೊಳ್ಳಿ

ನಮ್ಮ ಕರಾವಳಿಯ ಮಳೆಗಾಲದ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಉಡುಪಿ, ಮಂಗಳೂರುಗಳಲ್ಲಿ ಧೋ ಎಂದು ಸುರಿಯುವ ಮುಂಗಾರು ಘಟ್ಟ ದಾಟಿ ಪೂರ್ವದ ಕಡಲನ್ನು ಸೇರುವಷ್ಟರಲ್ಲಿ ಬಹುಪಾಲು ಬರಿದಾಗಿರುತ್ತದೆ. ಪುದುಚೇರಿಯ ನಿಜವಾದ ಮಳೆಗಾಲ ಹಿಂಗಾರು. ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತಗಳು ಬಂಗಾಳ ಕೊಲ್ಲಿಯಿಂದ ಹೊತ್ತು ತರುವ ಮಳೆ. ಚಂಡಮಾರುತಗಳ ಕಾಲವೂ ಅದೇ. 2011ರ ಡಿಸೆಂಬರ್ 30ರಂದು ಥಾಣೆ ಚಂಡಮಾರುತ ಕಡಲೂರು ಮತ್ತು ಪುದುಚೇರಿಗಳ ನಡುವೆ ದಡಕ್ಕಪ್ಪಳಿಸಿತ್ತು. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿಯ ಬಳಿಯೇ ನೆಲ ಮುಟ್ಟಿ, ಒಂದೇ ದಿನದಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಸಿ ಊರನ್ನು ಮುಳುಗಿಸಿತು. ನವೆಂಬರ್‌ನಲ್ಲೇ ಹೋಗಬೇಕಾದ ಅನಿವಾರ್ಯತೆ ಇದ್ದರೆ, ಕಡೆಯ ದಿನದವರೆಗೂ ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ಕೋಣೆಯನ್ನಷ್ಟೇ ಹಿಡಿಯಿರಿ.

ಜನವರಿಯ ಎರಡನೆಯ ವಾರದಿಂದ ಮಾರ್ಚ್ ನಡುವಿನವರೆಗಿನ ಅವಧಿ ಅತ್ಯುತ್ತಮ. ಏಪ್ರಿಲ್ ಹೊತ್ತಿಗೆ ಬೆವರು ನಿಲ್ಲುವುದಿಲ್ಲ. ಮೇ ತಿಂಗಳಲ್ಲಿ ತಮಿಳರು ‘ಅಗ್ನಿ ನಕ್ಷತ್ರ’ ಎಂದು ಕರೆಯುವ ಕಡುಬಿಸಿಲಿನ ದಿನಗಳು ಬರುತ್ತವೆ. ಮಕ್ಕಳಿಗೆ ರಜೆಯೆಂದು ಆಗ ಹೊರಡುವವರು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಹೊರಗೆ ತಿರುಗುವ ಆಸೆಯನ್ನು ಬಿಟ್ಟುಬಿಡಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸೆಕೆ ಇದ್ದರೂ ಸಂಜೆಯ ಗುಡುಗುಮಳೆ ಆಗಾಗ ತಂಪೆರೆಯುತ್ತದೆ ಮತ್ತು ಕೋಣೆಗಳು ಅಗ್ಗವಾಗಿ ಸಿಗುತ್ತವೆ. ಕೈ ಬಿಗಿ ಇರುವವರಿಗೆ ನನ್ನ ಎರಡನೆಯ ಆಯ್ಕೆ ಅದೇ.

2. ವಾರ ಮತ್ತು ತಾರೀಖು ನೋಡಿಕೊಳ್ಳಿ

ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು. ಒಂದೇ ರಾತ್ರಿಗಾಗಿ ಹೋಗಿಬರಲು ಹನ್ನೆರಡು ಗಂಟೆ ರಸ್ತೆಯಲ್ಲಿ ಕಳೆಯುವುದು ನನ್ನ ದೃಷ್ಟಿಯಲ್ಲಿ ಲಾಭದ ಬಾಬಲ್ಲ. ವಾರಾಂತ್ಯದಲ್ಲಿ ಬೆಂಗಳೂರು ಮತ್ತು ಚೆನ್ನೈ ಎರಡೂ ಕಡೆಯಿಂದ ಜನ ಬಂದು ಬೀಳುವುದರಿಂದ ಬಾಡಿಗೆ ಏರಿರುತ್ತದೆ, ಕಿರಿದಾದ ಬೀದಿಗಳು ಕಾರುಗಳಿಂದ ಕಟ್ಟಿಹೋಗಿರುತ್ತವೆ. ಭಾನುವಾರ ಮಧ್ಯಾಹ್ನ ತಲುಪಿ ಬುಧವಾರ ಬೆಳಗ್ಗೆ ಹೊರಡುವ ಕ್ರಮ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಸಲೀಸು: ನೀವು ಊರೊಳಗೆ ಬರುವ ಹೊತ್ತಿಗೆ ಜನಸಂದಣಿ ಎದುರುಗಡೆಯ ದಾರಿಯಲ್ಲಿ ಹೊರಗೆ ಹೋಗುತ್ತಿರುತ್ತದೆ.

ಕೆಲವು ತಾರೀಖುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ನವೆಂಬರ್ 1 ನಮಗೆ ರಾಜ್ಯೋತ್ಸವ. 1954ರಲ್ಲಿ ಇದೇ ದಿನ ಫ್ರೆಂಚರ ಆಡಳಿತ ಭಾರತಕ್ಕೆ ಹಸ್ತಾಂತರವಾದ್ದರಿಂದ ಪುದುಚೇರಿಗೂ ಅದು ವಿಮೋಚನಾ ದಿನ. ಎರಡೂ ಕಡೆ ರಜೆ, ಮೇಲೆ ಹಿಂಗಾರು ಮಳೆ. ಡಿಸೆಂಬರ್ 31ರ ರಾತ್ರಿ ಕಡಲ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸುತ್ತಲಿನ ಬೀದಿಗಳಿಗೆ ವಾಹನಗಳನ್ನು ಬಿಡುವುದಿಲ್ಲ. ಫೆಬ್ರುವರಿ 21, ಏಪ್ರಿಲ್ 24, ಆಗಸ್ಟ್ 15 ಮತ್ತು ನವೆಂಬರ್ 24 ಶ್ರೀ ಅರವಿಂದಾಶ್ರಮದ ದರ್ಶನದ ದಿನಗಳು. ಈ ದಿನಗಳ ಆಸುಪಾಸಿನಲ್ಲಿ ಆಶ್ರಮದ ಅತಿಥಿಗೃಹಗಳು ಭಕ್ತರಿಂದಲೇ ತುಂಬಿರುತ್ತವೆ.

3. ಊರಿನ ಯಾವ ಭಾಗದಲ್ಲಿ ಉಳಿಯಬೇಕೆಂದು ನಿರ್ಧರಿಸಿ

ಬಹುತೇಕರು ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಹಳೆಯ ಪುದುಚೇರಿಯ ನಕ್ಷೆ ತೆರೆದರೆ ಮೊಟ್ಟೆಯ ಆಕಾರದ ಒಂದು ಊರು ಕಾಣುತ್ತದೆ. ಅದರ ಸುತ್ತ ಹಾದಿರುವ ಅಗಲವಾದ ರಸ್ತೆಯನ್ನು ‘ಬುಲೆವಾರ್ಡ್’ ಎನ್ನುತ್ತಾರೆ. ಒಳಗೆಲ್ಲ ಚದುರಂಗದ ಹಾಸಿನಂತೆ ನೇರ ಬೀದಿಗಳು. ಈ ಚೌಕಟ್ಟಿಗೆ ಗೆರೆ ಎಳೆದವರು ಫ್ರೆಂಚರಲ್ಲ, 1693ರಿಂದ 1699ರವರೆಗೆ ಊರನ್ನು ಹಿಡಿದುಕೊಂಡಿದ್ದ ಡಚ್ಚರು. ಮೊಟ್ಟೆಯನ್ನು ಉತ್ತರ-ದಕ್ಷಿಣವಾಗಿ ಒಂದು ಕಾಲುವೆ ಸೀಳುತ್ತದೆ. ಕಾಲುವೆಗೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯೇ ವೈಟ್ ಟೌನ್, ಅಂದರೆ ಹಿಂದೆ ಫ್ರೆಂಚರು ವಾಸಿಸುತ್ತಿದ್ದ ಕೇರಿ. ಕಾಲುವೆಯ ಪಶ್ಚಿಮಕ್ಕೆ ತಮಿಳರ ಕೇರಿ, ಅದರ ದಕ್ಷಿಣ ಭಾಗದಲ್ಲಿ ಮುಸ್ಲಿಮರ ಕೇರಿ.

ವೈಟ್ ಟೌನ್‌ನಲ್ಲಿ ಬೀದಿಯ ಹೆಸರುಗಳು ‘ರೂ’ ಎಂದು ಆರಂಭವಾಗುತ್ತವೆ. ಫ್ರೆಂಚಿನಲ್ಲಿ ರೂ ಎಂದರೆ ಬೀದಿ. ರೂ ದುಮಾ, ರೂ ರೊಮೆ ರೊಲಾ, ರೂ ಸುಫ್ರೆನ್ ಇವೆಲ್ಲ ಕಡಲಿಗೆ ಸಮಾನಾಂತರವಾಗಿ ಹಾದಿರುವ ಬೀದಿಗಳು. ಇವುಗಳಲ್ಲಿ ಯಾವುದರಲ್ಲಿ ಉಳಿದರೂ ಕಡಲಿಗೆ ಐದರಿಂದ ಹತ್ತು ನಿಮಿಷದ ನಡಿಗೆ. ಬೀದಿಯಿಂದ ನೋಡಿದರೆ ಎತ್ತರದ ಕಾಂಪೌಂಡು ಗೋಡೆ, ಕಮಾನಿನ ಬಾಗಿಲು, ಮೇಲಿನಿಂದ ಬಾಗಿದ ಬೋಗನ್‌ವಿಲ್ಲಾ. ಒಳಗೆ ಹೋದರೆ ಅಂಗಳ. ಬಣ್ಣವನ್ನೂ ಗಮನಿಸಿ: ಸಾಸಿವೆ ಹಳದಿಗೆ ಬಿಳಿ ಅಂಚಿನ ಗೋಡೆಗಳು ಫ್ರೆಂಚ್ ರೂಢಿಯವು, ಬೂದುಬಣ್ಣಕ್ಕೆ ಬಿಳಿ ಅಂಚು ಇದ್ದರೆ ಅದು ಬಹುಮಟ್ಟಿಗೆ ಆಶ್ರಮಕ್ಕೆ ಸೇರಿದ ಕಟ್ಟಡ. ದಾರಿ ತಪ್ಪಿದಾಗ ಈ ಗುರುತು ಉಪಯೋಗಕ್ಕೆ ಬರುತ್ತದೆ.

ವೈಟ್ ಟೌನ್‌ನ ಬಾಡಿಗೆ ದುಬಾರಿ ಎನಿಸಿದರೆ ಕಾಲುವೆ ದಾಟಿ ತಮಿಳರ ಕೇರಿಗೆ ಬನ್ನಿ. ಇಲ್ಲಿಯ ಹಳೆಯ ಮನೆಗಳಿಗೆ ಬೀದಿಗೆ ತೆರೆದ ಜಗಲಿ ಇರುತ್ತದೆ, ತಮಿಳಿನಲ್ಲಿ ‘ತಿಣ್ಣೈ’. ಗೋಡೆಯ ಹಿಂದೆ ಅಡಗಿಕೊಳ್ಳುವ ಫ್ರೆಂಚ್ ಮನೆಗೂ, ಹೋಗುವವರನ್ನು ಕೂರಿಸಿ ಮಾತಾಡಿಸುವ ತಮಿಳು ಮನೆಗೂ ಇರುವ ವ್ಯತ್ಯಾಸ ಒಂದು ಕಾಲುವೆ ದಾಟುವಷ್ಟರಲ್ಲಿ ಕಣ್ಣಿಗೆ ಹೊಡೆಯುತ್ತದೆ. ವೈಶ್ಯಾಳ್ ಬೀದಿಯಲ್ಲಿ ಇಂಥ ಮನೆಗಳ ಸಾಲನ್ನೇ ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ಆ ಕೆಲಸಕ್ಕೆ 2008ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂದಿದೆ. ಇಲ್ಲಿಂದ ಕಡಲಿಗೆ ಹದಿನೈದು ನಿಮಿಷ ನಡೆದರಾಯಿತು, ಊಟ-ತಿಂಡಿಯೂ ಅಗ್ಗ. ನನ್ನನ್ನು ಕೇಳಿದರೆ ಎರಡನೆಯ ಸಲ ಹೋಗುವವರಿಗೆ ಇದೇ ಹೆಚ್ಚು ರುಚಿಸುತ್ತದೆ. ಆದರೆ ಕಾಲುವೆಗೆ ತಾಗಿಕೊಂಡಿರುವ ಕೋಣೆಗಳು ಬೇಡ. ಬೇಸಿಗೆಯಲ್ಲಿ ಅಲ್ಲಿಯ ನೀರು ವಾಸನೆ ಬರುತ್ತದೆ.

ಮೂರನೆಯ ಆಯ್ಕೆ ಆಶ್ರಮದ ಅತಿಥಿಗೃಹಗಳು. ಕಡಲ ರಸ್ತೆಯ ದಕ್ಷಿಣದ ತುದಿಯಲ್ಲಿರುವ ಪಾರ್ಕ್ ಗೆಸ್ಟ್ ಹೌಸ್‌ನ ಕೋಣೆಗಳು ತೋಟಕ್ಕೂ ಕಡಲಿಗೂ ಮುಖಮಾಡಿವೆ. ಊರಿನ ದುಬಾರಿ ಹೋಟೆಲುಗಳಿಗೂ ಇಲ್ಲದ ನೋಟ ಅದು, ಬಾಡಿಗೆ ಮಾತ್ರ ಸಾಧಾರಣ. ಬದಲಿಗೆ ಅವರ ನಿಯಮಗಳಿಗೆ ಒಪ್ಪಬೇಕು: ಮದ್ಯಪಾನ, ಧೂಮಪಾನ ಕೂಡದು, ರಾತ್ರಿ ನಿಗದಿತ ಹೊತ್ತಿಗೆ ಗೇಟು ಮುಚ್ಚುತ್ತದೆ, ಕೋಣೆ ಸರಳವಾಗಿರುತ್ತದೆ. ಗದ್ದಲ ಬೇಕೆನ್ನುವ ಗೆಳೆಯರ ಗುಂಪಿಗೆ ಇದು ಹೇಳಿದ ಜಾಗವಲ್ಲ. ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ಹೋಗುವವರು ಮಾತ್ರ ಎರಡು-ಮೂರು ತಿಂಗಳು ಮುಂಚಿತವಾಗಿ ವಿಚಾರಿಸಿ ಇದನ್ನೇ ಹಿಡಿಯಲಿ.

4. ಕೋಣೆಯನ್ನು ಕಾಯ್ದಿರಿಸುವಾಗ ಕೇಳಬೇಕಾದದ್ದನ್ನು ಕೇಳಿ

ಮೊದಲ ಎಚ್ಚರಿಕೆ ವಿಳಾಸದ್ದು. ‘ಪುದುಚೇರಿ’ ಎಂದು ಹುಡುಕಿದಾಗ ತೋರುವುದೆಲ್ಲ ಈ ಊರಿನಲ್ಲಿಯೇ ಇರುವುದಿಲ್ಲ. ಪುದುಚೇರಿ ಎಂಬ ಕೇಂದ್ರಾಡಳಿತ ಪ್ರದೇಶಕ್ಕೆ ಕಾರೈಕಲ್, ಆಂಧ್ರದ ನಡುವಿನ ಯಾನಂ, ಕೇರಳದ ನಡುವಿನ ಮಾಹೆಯೂ ಸೇರಿವೆ. ಇದಕ್ಕಿಂತ ದೊಡ್ಡ ಬಲೆಯೆಂದರೆ ಚೆನ್ನೈ ಕಡೆಯ ಈಸ್ಟ್ ಕೋಸ್ಟ್ ರಸ್ತೆಯ ಉದ್ದಕ್ಕೂ, ನಾನಾ ದೇಶಗಳ ಜನ ಒಟ್ಟಿಗೆ ಬಾಳುವ ಆರೋವಿಲ್ ಎಂಬ ನೆಲೆಯ ಸುತ್ತಲಿನ ಹಳ್ಳಿಗಳಲ್ಲೂ ಇರುವ ನೂರಾರು ವಸತಿಗೃಹಗಳು ತಮ್ಮ ಹೆಸರಿನಲ್ಲಿ ಪಾಂಡಿಚೇರಿ ಎಂದೇ ಬರೆದುಕೊಂಡಿರುವುದು. ಮೊದಲ ಸಲ ನಾನೂ ‘ಕಡಲಿಗೆ ಐದು ನಿಮಿಷ’ ಎಂಬ ಮಾತನ್ನು ನಂಬಿ ಮೋಸಹೋದೆ. ಆ ಐದು ನಿಮಿಷ ಕಾರಿನದ್ದಾಗಿತ್ತು, ಕಿಟಕಿಯಿಂದ ಕಾಣುತ್ತಿದ್ದುದು ಹೆದ್ದಾರಿಯ ಲಾರಿಗಳು. ಆದ್ದರಿಂದ ಹೋಟೆಲಿನವರು ಹೇಳುವ ದೂರವನ್ನು ಬದಿಗಿಟ್ಟು, ನಕ್ಷೆಯಲ್ಲಿ ಆ ಕಟ್ಟಡದಿಂದ ಕಡಲ ರಸ್ತೆಯ ಗಾಂಧಿ ಪ್ರತಿಮೆಗೆ ಕಾಲ್ನಡಿಗೆಯ ದೂರವನ್ನು ನೀವೇ ಅಳೆಯಿರಿ. ಒಂದೂವರೆ ಕಿಲೋಮೀಟರಿಗಿಂತ ಹೆಚ್ಚಿದ್ದರೆ ಬಿಟ್ಟುಬಿಡಿ.

ಎರಡನೆಯದು, ‘ಹೆರಿಟೇಜ್’ ಎಂಬ ಪದ. ಹಳೆಯ ಮನೆಯನ್ನು ಹೋಟೆಲಾಗಿ ಮಾರ್ಪಡಿಸಿದ ಕಡೆ ಎರಡು ಕೋಣೆಗಳು ಒಂದೇ ಥರ ಇರುವುದಿಲ್ಲ. ಬೀದಿಬದಿಯ ಎತ್ತರದ ಕೋಣೆಗೆ ‘ಮದ್ರಾಸ್ ತಾರಸಿ’ ಇರಬಹುದು. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದ ಹಳೆಯ ಕಾಲದ ಮಾಳಿಗೆಗೆ ಹಾಗೆನ್ನುತ್ತಾರೆ. ಹಾಸಿಗೆಯಲ್ಲಿ ಮಲಗಿ ಮೇಲೆ ನೋಡಿದರೆ ತೊಲೆಗಳ ನಡುವೆ ಇಟ್ಟಿಗೆಯ ಅಂಚುಗಳು ಸಾಲುಸಾಲಾಗಿ ಕಾಣುತ್ತವೆ. ಅದೇ ಹಣಕ್ಕೆ ಹಿತ್ತಲಲ್ಲಿ ಮೊನ್ನೆ ಕಟ್ಟಿದ ಕಾಂಕ್ರೀಟಿನ ಕೋಣೆಯೂ ನಿಮ್ಮ ಪಾಲಿಗೆ ಬರಬಹುದು. ಹಾಗಾಗಿ ‘ನನಗೆ ಕೊಡುವ ಕೋಣೆಯ ಚಿತ್ರವನ್ನೇ ಕಳುಹಿಸಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಲಿಫ್ಟ್ ಇದೆಯೇ ಎಂದೂ ಕೇಳಿ. ಹಳೆಯ ಮನೆಗಳ ಮರದ ಮೆಟ್ಟಿಲು ಕಡಿದಾಗಿರುತ್ತದೆ, ಮಂಡಿನೋವು ಇರುವವರಿಗೆ ಕೆಳಗಿನ ಕೋಣೆಯೇ ಬೇಕು.

ಮೂರನೆಯದು ಹೋಟೆಲಿನವರ ಸಂಕೇತಾಕ್ಷರಗಳು. ‘ಇಪಿ’ ಎಂದರೆ ಬರೀ ಕೋಣೆ, ‘ಸಿಪಿ’ ಎಂದರೆ ಕೋಣೆಯ ಜೊತೆ ಬೆಳಗಿನ ತಿಂಡಿ, ‘ಎಂಎಪಿ’ ಎಂದರೆ ತಿಂಡಿಯ ಜೊತೆಗೆ ಒಂದು ಹೊತ್ತಿನ ಊಟ. ಈ ಊರಿನಲ್ಲಿ ಎಂಎಪಿ ತೆಗೆದುಕೊಳ್ಳುವುದು ದಂಡ, ಏಕೆಂದರೆ ಹೊರಗೆ ತಿನ್ನುವುದೇ ಬಂದ ಕಾರಣಗಳಲ್ಲಿ ಒಂದು. ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ ಬರಹದಲ್ಲಿ ಪಡೆದುಕೊಳ್ಳಿ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ತೆರಿಗೆ ಶೇ 18 ಇರುವುದರಿಂದ ಕೊನೆಯ ಬಿಲ್ಲು ನೋಡಿ ಬೆಚ್ಚಿಬೀಳುವವರು ಕಡಿಮೆಯಿಲ್ಲ. ಕಾರಿನಲ್ಲಿ ಹೋಗುವವರು ವಾಹನ ನಿಲ್ಲಿಸಲು ಹೋಟೆಲಿನದ್ದೇ ಜಾಗವಿದೆಯೇ ಎಂದು ತಿಳಿದುಕೊಳ್ಳದೆ ಮುಂಗಡ ಕೊಡಬೇಡಿ.

5. ಪ್ರಯಾಣವನ್ನು ಹೊಂದಿಸಿಕೊಳ್ಳಿ

ಬೆಂಗಳೂರಿನಿಂದ ರಸ್ತೆಯಲ್ಲಿ ಹೋಗುವವರಿಗೆ ಹೊಸೂರು, ಕೃಷ್ಣಗಿರಿ, ಊತ್ತಂಗರೈ, ಚೆಂಗಂ, ತಿರುವಣ್ಣಾಮಲೈ, ಜಿಂಜಿ, ತಿಂಡಿವನಂ ಮಾರ್ಗವೇ ನೇರವಾದದ್ದು. ನಿಲ್ಲುವುದೂ ಸೇರಿದರೆ ಆರರಿಂದ ಏಳು ಗಂಟೆ. ಬೆಳಗಿನ ಐದಕ್ಕೆ ಹೊರಟರೆ ಹೊಸೂರಿನ ದಟ್ಟಣೆ ತಪ್ಪುತ್ತದೆ. ಇಲ್ಲಿ ಯಾರೂ ಹೇಳದ ಒಂದು ಎಚ್ಚರಿಕೆ ಇದೆ: ಹುಣ್ಣಿಮೆಯ ದಿನ ಈ ದಾರಿ ಹಿಡಿಯಬೇಡಿ. ಪ್ರತಿ ಹುಣ್ಣಿಮೆಗೂ ತಿರುವಣ್ಣಾಮಲೈಯ ಬೆಟ್ಟವನ್ನು ಪ್ರದಕ್ಷಿಣೆ ಬರಲು, ಅಂದರೆ ‘ಗಿರಿವಲಂ’ ಮಾಡಲು ಲಕ್ಷಾಂತರ ಜನ ಸೇರುತ್ತಾರೆ, ಊರಿನ ಸುತ್ತ ವಾಹನಗಳನ್ನು ತಡೆದು ಬೇರೆಡೆಗೆ ತಿರುಗಿಸುತ್ತಾರೆ. ಕಾರ್ತಿಕ ದೀಪದ ವೇಳೆ ಕೇಳುವುದೇ ಬೇಡ. ಪಂಚಾಂಗ ನೋಡಿ ಹೊರಡುವುದು ಈ ಒಂದು ಕಾರಣಕ್ಕಾದರೂ ಒಳ್ಳೆಯದು. ಹೊತ್ತಿದ್ದರೆ ಜಿಂಜಿಯಲ್ಲಿ ಇಳಿಯಿರಿ. ಕೋಟೆಯ ಬುಡದ ಕಟ್ಟಡಗಳನ್ನು ನೋಡಲು ಒಂದು ಗಂಟೆ ಸಾಕು, ರಾಜಗಿರಿಯ ನೆತ್ತಿಗೆ ಹತ್ತುವ ಸಾಹಸ ಮಾತ್ರ ಪ್ರಯಾಣದ ನಡುವೆ ಬೇಡ.

ರಾತ್ರಿ ಬಸ್ಸಿನಲ್ಲಿ ಹೋದರೆ ಬೆಳಗಿನ ಜಾವಕ್ಕೆ ಇಳಿಯುತ್ತೀರಿ. ಸೂರ್ಯೋದಯಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಆದರೆ ಕೋಣೆ ಕೈಗೆ ಸಿಗುವುದು ಹನ್ನೊಂದು-ಹನ್ನೆರಡರ ಮೇಲೆ. ಸಾಮಾನು ಇಟ್ಟು ಮುಖ ತೊಳೆಯಲು ಬೆಳಗ್ಗೆ ಆರಕ್ಕೇ ಬಿಡುತ್ತೀರಾ ಎಂದು ಹೋಟೆಲಿನವರನ್ನು ಹಿಂದಿನ ದಿನವೇ ಕೇಳಿ ಒಪ್ಪಿಸಿಕೊಂಡಿರಿ. ಉತ್ತರ ಕರ್ನಾಟಕದವರಿಗೆ ದಾದರ್‌ನಿಂದ ಹುಬ್ಬಳ್ಳಿ, ಬೆಂಗಳೂರಿನ ಮೇಲೆ ಬರುವ ಚಾಲುಕ್ಯ ಎಕ್ಸ್‌ಪ್ರೆಸ್ ಇದೆ. ಮಂಗಳೂರಿನಿಂದಲೂ ಪುದುಚೇರಿಗೆ ನೇರ ರೈಲು ಇದೆ. ಇವು ದಿನವೂ ಓಡುವುದಿಲ್ಲವಾದ್ದರಿಂದ ರೈಲಿನ ವಾರವನ್ನು ಮೊದಲು ನೋಡಿ, ಆಮೇಲೆ ಕೋಣೆ ಹಿಡಿಯಿರಿ. ಉಲ್ಟಾ ಮಾಡಿದವರು ಕೊನೆಗೆ ಸುಮಾರು 40 ಕಿಲೋಮೀಟರ್ ದೂರದ ವಿಳ್ಳುಪುರಂ ಜಂಕ್ಷನ್ನಿಗೆ ಬೇರೆ ರೈಲಿನಲ್ಲಿ ಬಂದು ಬಸ್ಸು ಹತ್ತುತ್ತಾರೆ.

6. ದಿನಗಳನ್ನು ಬೆಳಗಿನಿಂದ ಕಟ್ಟಿಕೊಳ್ಳಿ

ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಸುಮಾರಿಗೆ, ಮೇ-ಜೂನ್‌ನಲ್ಲಿ ಆರಕ್ಕೂ ಮೊದಲೇ. ಅದಕ್ಕೆ ಅರ್ಧ ಗಂಟೆ ಮುಂಚೆ ಕಡಲ ರಸ್ತೆಯಲ್ಲಿರಿ. ಕಾಗದದ ಮೇಲೆ ಅದರ ಹೆಸರು ಗೂಬೇರ್ ಅವೆನ್ಯೂ, ಜನರ ಬಾಯಲ್ಲಿ ಬೀಚ್ ರೋಡ್ ಅಥವಾ ಪ್ರಾಮೆನೇಡ್. ಸಂಜೆ ಆರರಿಂದ ಬೆಳಗ್ಗೆ ಏಳೂವರೆಯವರೆಗೆ ಇಲ್ಲಿ ವಾಹನ ಸಂಚಾರ ಇರುವುದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂವರೆ ಕಿಲೋಮೀಟರಿಗಿಂತ ಕಡಿಮೆ. ಆ ಹೊತ್ತಿನಲ್ಲಿ ಊರಿನ ಹಿರಿಯರು ಬಿಳಿ ಪಂಚೆ, ಬಿಳಿ ಶೂ ಧರಿಸಿ ಬಿರುಸಾಗಿ ನಡೆಯುತ್ತಿರುತ್ತಾರೆ. ಕಪ್ಪು ಬಂಡೆಗಳ ಮೇಲೆ ಅಲೆ ಒಡೆದು ಉಪ್ಪುನೀರಿನ ಸಿಂಪಣಿ ತುಟಿಗೆ ತಾಗುತ್ತದೆ. ದೂರದ ಮೀನುದೋಣಿಯ ದೀಪ ಆರುವುದೂ ದಿಗಂತ ಕೆಂಪೇರುವುದೂ ಒಟ್ಟೊಟ್ಟಿಗೆ ಆಗುತ್ತವೆ.

ಮೊದಲ ಬೆಳಗ್ಗೆ ಕಡಲ ರಸ್ತೆಯಲ್ಲೇ ಉತ್ತರದಿಂದ ದಕ್ಷಿಣಕ್ಕೆ ನಡೆಯಿರಿ. 1836ರಲ್ಲಿ ಮೊದಲ ಬಾರಿಗೆ ಬೆಳಗಿದ ಹಳೆಯ ದೀಪಸ್ತಂಭ, ಮೊದಲ ಮಹಾಯುದ್ಧದಲ್ಲಿ ಮಡಿದವರಿಗಾಗಿ ಕಟ್ಟಿದ ಫ್ರೆಂಚ್ ಯುದ್ಧ ಸ್ಮಾರಕ, ಜಿಂಜಿಯಿಂದ ತಂದ ಕಲ್ಲುಕಂಬಗಳ ನಡುವೆ ನಿಂತ ಗಾಂಧಿ, ‘ಮೇರಿ’ ಎನ್ನುವ ಹಳೆಯ ಪುರಭವನ ಎಲ್ಲವೂ ಒಂದೇ ಸಾಲಿನಲ್ಲಿವೆ. ಈ ಮೇರಿ 2014ರ ಮಳೆಯಲ್ಲಿ ಕುಸಿದುಬಿದ್ದಿತ್ತು. ಈಗ ಕಾಣುವುದು ಹಳೆಯ ರೂಪದಲ್ಲೇ ಮತ್ತೆ ಎಬ್ಬಿಸಿದ ಕಟ್ಟಡ.

ಎರಡನೆಯ ಬೆಳಗ್ಗೆ ಒಳಬೀದಿಗಳಿಗೆ. ಏಳರಿಂದ ಒಂಬತ್ತರವರೆಗೆ ನೆರಳು ಉದ್ದವಿರುತ್ತದೆ, ಗೋಡೆಗಳ ಬಣ್ಣ ಆಗಲೇ ಚೆನ್ನ. ಎಂಟರ ಮೇಲೆ ರೂ ದ ಲಾ ಮರೀನ್‌ನಲ್ಲಿರುವ ಅರವಿಂದಾಶ್ರಮಕ್ಕೆ ಹೋಗಬಹುದು. ಬ್ರಿಟಿಷರ ಹಿಡಿತದಿಂದ ದೂರವಾಗಲು ಅರವಿಂದರು ಈ ಊರಿಗೆ ಬಂದದ್ದು 1910ರ ಏಪ್ರಿಲ್ 4ರಂದು. ಅವರಿಗಿಂತ ಎರಡು ವರ್ಷ ಮೊದಲೇ ಕವಿ ಸುಬ್ರಹ್ಮಣ್ಯ ಭಾರತಿ ಇಲ್ಲಿ ಆಶ್ರಯ ಪಡೆದಿದ್ದರು. ಆಶ್ರಮದ ಅಂಗಳದಲ್ಲಿ ಮರದಡಿ ಅರವಿಂದರ ಮತ್ತು ಆಶ್ರಮವನ್ನು ನಡೆಸಿದ ಶ್ರೀಮಾತೆಯವರ ಸಮಾಧಿಯಿದೆ, ಹೂವಿನ ಅಲಂಕಾರ ದಿನವೂ ಬದಲಾಗುತ್ತದೆ. ಮಾತಿಲ್ಲ, ಚಿತ್ರ ತೆಗೆಯುವಂತಿಲ್ಲ, ತೀರ ಚಿಕ್ಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಮಗು ಇರುವವರು ಸರದಿಯ ಮೇಲೆ ಹೋಗಿಬರಬೇಕಾಗುತ್ತದೆ. ಹತ್ತಿರದಲ್ಲೇ ಮಣಕುಳ ವಿನಾಯಕನ ಗುಡಿ. ಫ್ರೆಂಚರು ಬರುವುದಕ್ಕೂ ಹಿಂದಿನದು, ಮಧ್ಯಾಹ್ನ ಬಾಗಿಲು ಹಾಕುತ್ತದೆ. ಬಾಗಿಲಲ್ಲಿ ಹರಸುತ್ತಿದ್ದ ಆನೆ ಲಕ್ಷ್ಮಿ 2022ರ ನವೆಂಬರ್ 30ರಂದು ತೀರಿಕೊಂಡಿತು. ಹಳೆಯ ಬರಹಗಳನ್ನು ಓದಿ ಮಕ್ಕಳಿಗೆ ಆನೆಯ ಆಸೆ ಹುಟ್ಟಿಸಬೇಡಿ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಲವು ಅಂಗಡಿಗಳು ಮುಚ್ಚಿರುತ್ತವೆ. ಇದನ್ನು ಊರಿನ ಸೋಮಾರಿತನವೆಂದು ಬೈಯದೆ ನೀವೂ ಮಲಗಿ. ಸಂಜೆ ಚರ್ಚುಗಳನ್ನು ನೋಡಬಹುದು: ಕಡಲ ಸಮೀಪದಲ್ಲಿ 1855ರ ನೋತ್ರ್ ದಾಮ್ ದೇಜಾಂಜ್, ರೈಲು ನಿಲ್ದಾಣದ ಬಳಿ ಬಣ್ಣದ ಗಾಜಿನ ಕಿಟಕಿಗಳಿರುವ ಸೇಕ್ರೆಡ್ ಹಾರ್ಟ್ ಬೆಸಿಲಿಕಾ. ಭಾನುವಾರ ಸಂಜೆ ಮಹಾತ್ಮಾ ಗಾಂಧಿ ರಸ್ತೆಯ ಉದ್ದಕ್ಕೂ ಸಂತೆ ನೆರೆಯುತ್ತದೆ. ಬಟ್ಟೆಗೆ ಅಲ್ಲಿಯ ಬೆಲೆ ಎಲ್ಲೂ ಇಲ್ಲ, ಚೌಕಾಸಿ ಮಾಡಲೇಬೇಕು.

ಆರೋವಿಲ್‌ಗೆ ಒಂದು ಅರ್ಧ ದಿನ ಬೇಕು. 1968ರ ಫೆಬ್ರುವರಿ 28ರಂದು 124 ದೇಶಗಳ ಮಣ್ಣನ್ನು ಒಂದೇ ಪಾತ್ರೆಗೆ ಹಾಕಿ ಆರಂಭಿಸಿದ ಈ ನೆಲೆ ಊರಿನಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ. ಇಲ್ಲಿಯ ಗೊಂದಲವೆಂದರೆ ಧ್ಯಾನಕ್ಕೆಂದು ಕಟ್ಟಿದ ಗೋಳಾಕಾರದ ಮಾತೃಮಂದಿರವನ್ನು ‘ನೋಡುವುದು’ ಬೇರೆ, ‘ಒಳಗೆ ಕೂರುವುದು’ ಬೇರೆ. ಹೊರಗಿನ ದಿಬ್ಬದಿಂದ ಚಿನ್ನದ ಗೋಳವನ್ನು ನೋಡಲು ಸಂದರ್ಶಕರ ಕೇಂದ್ರದಲ್ಲಿ ಚೀಟಿ ಪಡೆದು ಒಂದು ಕಿಲೋಮೀಟರ್ ಆಸುಪಾಸು ನಡೆದರಾಯಿತು. ಒಳಗೆ ಮೌನವಾಗಿ ಕೂರಬೇಕೆಂದರೆ ಕೆಲವು ದಿನ ಮೊದಲೇ ಕಾಯ್ದಿರಿಸಬೇಕು, ಮಂಗಳವಾರ ಪ್ರವೇಶವಿಲ್ಲ. ನೇರವಾಗಿ ಹೋಗಿ ಬಾಗಿಲಲ್ಲಿ ವಾದ ಮಾಡುವ ನಮ್ಮವರನ್ನು ಪ್ರತಿ ಸಲವೂ ನೋಡುತ್ತೇನೆ, ಉಪಯೋಗವಿಲ್ಲ.

ಓಡಾಟಕ್ಕೆ ವೈಟ್ ಟೌನ್‌ನೊಳಗೆ ಕಾಲು, ಸ್ವಲ್ಪ ದೂರಕ್ಕೆ ಬಾಡಿಗೆ ಸೈಕಲ್, ಆರೋವಿಲ್‌ಗೆ ಬಾಡಿಗೆ ಸ್ಕೂಟರ್. ಬಾಡಿಗೆಗೆಂದೇ ನೋಂದಾಯಿಸಿದ ವಾಹನದ ಸಂಖ್ಯಾಫಲಕ ಕಪ್ಪು, ಅಕ್ಷರ ಹಳದಿ. ಬಿಳಿ ಫಲಕದ ಸ್ವಂತ ಬಳಕೆಯ ಸ್ಕೂಟರನ್ನು ಬಾಡಿಗೆಗೆ ಕೊಟ್ಟರೆ ತೆಗೆದುಕೊಳ್ಳಬೇಡಿ, ಅಪಘಾತವಾದರೆ ವಿಮೆ ಕೈಕೊಡುತ್ತದೆ. ಗುರುತಿನ ಚೀಟಿಯ ಮೂಲಪ್ರತಿಯನ್ನು ಅಂಗಡಿಯಲ್ಲಿ ಬಿಡಬೇಡಿ. ಗಾಡಿಯ ಗೀರುಗಳನ್ನು ಹೊರಡುವ ಮೊದಲೇ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಹೆಲ್ಮೆಟ್ ಕಡ್ಡಾಯ.

7. ಕಡಲಿಗೆ ಇಳಿಯುವ ಮುನ್ನ

ಕಡಲತೀರದ ಊರಿಗೆ ಬಂದು ಮರಳೆಲ್ಲಿ ಎಂದು ಹುಡುಕುವವರಿಗೆ ಕಾರಣ ಗೊತ್ತಿರಬೇಕು. ಈ ಕರಾವಳಿಯಲ್ಲಿ ಅಲೆಗಳು ಮರಳನ್ನು ವರ್ಷದ ಹೆಚ್ಚು ಕಾಲ ದಕ್ಷಿಣದಿಂದ ಉತ್ತರಕ್ಕೆ ದಡದುದ್ದಕ್ಕೂ ಸಾಗಿಸುತ್ತಿರುತ್ತವೆ. 1980ರ ದಶಕದ ಕೊನೆಗೆ ಊರಿನ ದಕ್ಷಿಣದಲ್ಲಿ ಬಂದರಿಗಾಗಿ ಅಲೆತಡೆಗಳನ್ನು, ಅಂದರೆ ಕಡಲಿನೊಳಗೆ ಚಾಚಿದ ಕಲ್ಲಿನ ಗೋಡೆಗಳನ್ನು ಕಟ್ಟಿದಾಗ ಮರಳು ಅಲ್ಲೇ ನಿಂತಿತು. ಉತ್ತರದ ದಡ ಸವೆದು ಹೋಯಿತು. ಊರನ್ನು ಉಳಿಸಲು ಬಂಡೆಗಳನ್ನು ಸುರಿಯಬೇಕಾಯಿತು. 2018ರಲ್ಲಿ ನೀರಿನೊಳಗೆ ಕೃತಕ ದಿಣ್ಣೆಯೊಂದನ್ನು ಇಳಿಸಿದ ಮೇಲೆ ಕಡಲ ರಸ್ತೆಯ ಒಂದು ಭಾಗದಲ್ಲಿ ಮರಳು ಹಿಂದಿರುಗಿದೆ. ಉಳಿದೆಡೆ ಬಂಡೆಗಳೇ, ಅವುಗಳ ಮೇಲೆ ಪಾಚಿ. ಒಂದು ಚಿತ್ರಕ್ಕಾಗಿ ಅವುಗಳ ಮೇಲೆ ಇಳಿಯುವುದು ಕಾಲು ಮುರಿದುಕೊಳ್ಳುವ ನೇರ ದಾರಿ.

ಮರಳಿನ ಆಟಕ್ಕೆ ದಕ್ಷಿಣದಲ್ಲಿ, ಚಿನ್ನ ವೀರಾಂಪಟ್ಟಣದ ಈಡನ್ ಬೀಚ್ ಇದೆ. 2021ರಲ್ಲಿ ‘ನೀಲಿ ಬಾವುಟ’, ಅಂದರೆ ಸ್ವಚ್ಛತೆ ಮತ್ತು ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ತೀರವದು. ಚುಣ್ಣಾಂಬಾರ್ ದೋಣಿಮನೆಯಿಂದ ಹಿನ್ನೀರಿನಲ್ಲಿ ದೋಣಿಯೇರಿ ಪ್ಯಾರಡೈಸ್ ಬೀಚ್ ತಲುಪಬಹುದು; ವಾರಾಂತ್ಯದ ಸಾಲು ಉದ್ದ, ಬೆಳಗ್ಗೆಯೇ ಹೋಗಿ. ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಕಲಿಯುವವರಿಗೆ ಉತ್ತರದ ಸೆರೆನಿಟಿ ಬೀಚ್. ಎಲ್ಲೇ ಇಳಿದರೂ ಸೆಳೆತದ ಭಯ ಇದ್ದೇ ಇದೆ: ದಡಕ್ಕೆ ಬಂದ ನೀರು ಕಿರಿದಾದ ಪಟ್ಟಿಯಾಗಿ ಕಡಲಿಗೆ ಹಿಂದಿರುಗುವಾಗ ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಕುಡಿದು ನೀರಿಗಿಳಿಯುವವರ ಜೊತೆ ನೀವು ಇರಬೇಡಿ.

8. ಊಟ, ತಿಂಡಿ ಮತ್ತು ಹೊರಡುವ ದಿನ

ಬೆಳಗಿನ ಇಡ್ಲಿ, ಪೊಂಗಲ್, ಫಿಲ್ಟರ್ ಕಾಫಿಗೆ ಕಾಲುವೆಯಾಚೆಯ ನೆಹರೂ ಬೀದಿಯ ಸುತ್ತಮುತ್ತ ಹೋಗಿ. ಸಸ್ಯಾಹಾರಿಗಳಿಗೆ ಯಾವ ತೊಂದರೆಯೂ ಇಲ್ಲ. ವೈಟ್ ಟೌನ್‌ನ ಬೇಕರಿಗಳಲ್ಲಿ ‘ಬಾಗೆತ್’ ಎಂಬ ಮೊಳದುದ್ದದ ಬ್ರೆಡ್ಡು ಮತ್ತು ‘ಕ್ರವಾಸಾಂ’ ಎಂಬ ಪದರಪದರದ ಬೆಣ್ಣೆ ತಿನಿಸು ಬೆಳಗ್ಗೆ ಒಲೆಯಿಂದ ಇಳಿದಾಗಲೇ ತಿನ್ನಬೇಕು; ಸಂಜೆ ಉಳಿದದ್ದಕ್ಕೆ ಆ ರುಚಿಯಿಲ್ಲ. ಮೊಟ್ಟೆ ತಿನ್ನದವರು ಕೇಕುಗಳ ಬಗ್ಗೆ ಕೇಳಿಯೇ ಕೊಳ್ಳಿ. ಫ್ರೆಂಚ್ ಅಡುಗೆಯೂ ತಮಿಳು ಅಡುಗೆಯೂ ಬೆರೆತ ‘ಕ್ರಿಯೋಲ್’ ಊಟ ಕೆಲವು ಹಳೆಯ ಮನೆ-ಹೋಟೆಲುಗಳಲ್ಲಿ ಸಿಗುತ್ತದೆ, ಬಹುಪಾಲು ಮೀನು-ಮಾಂಸದ್ದು. ಶನಿವಾರ ರಾತ್ರಿಯ ಊಟಕ್ಕೆ ಹೆಸರಾದ ಕಡೆಗಳಲ್ಲಿ ಮೇಜು ಕಾಯ್ದಿರಿಸದಿದ್ದರೆ ಗಂಟೆಗಟ್ಟಲೆ ನಿಲ್ಲಬೇಕು.

ಹೊರಡುವ ದಿನ ಕೋಣೆ ಬಿಡುವ ಹೊತ್ತು ಹತ್ತೋ ಹನ್ನೊಂದೋ ಎಂದು ಹಿಂದಿನ ರಾತ್ರಿಯೇ ಕೇಳಿಕೊಂಡು, ಸಾಮಾನನ್ನು ಕಟ್ಟಿಟ್ಟು, ಕೊನೆಯ ಬೆಳಗನ್ನೂ ಕಡಲ ರಸ್ತೆಗೆ ಕೊಡಿ. ಮದ್ಯ ಇಲ್ಲಿ ಅಗ್ಗವೆಂದು ಬಾಟಲಿಗಳನ್ನು ಕಾರಿನ ಹಿಂಬದಿಗೆ ತುಂಬಿಕೊಳ್ಳುವವರಿಗೆ ಒಂದು ಮಾತು: ಊರಿನ ಗಡಿ ದಾಟಿದೊಡನೆ ನೀವು ತಮಿಳುನಾಡಿನಲ್ಲಿರುತ್ತೀರಿ, ಅಲ್ಲಿಗೆ ಪುದುಚೇರಿಯ ಮದ್ಯ ಸಾಗಿಸುವುದು ಅಪರಾಧ, ತಪಾಸಣಾ ಠಾಣೆಗಳಲ್ಲಿ ಕರ್ನಾಟಕದ ಸಂಖ್ಯೆಯ ಕಾರುಗಳನ್ನು ನಿಲ್ಲಿಸಿ ನೋಡುತ್ತಾರೆ. ಕೊಂಡೊಯ್ಯಲೇಬೇಕೆಂದರೆ ಆಶ್ರಮದ ಅಂಗಡಿಯ ಕೈಕಾಗದ ಅಥವಾ ಆರೋವಿಲ್‌ನ ಊದುಬತ್ತಿ ಕೊಳ್ಳಿ. ಹನ್ನೊಂದರೊಳಗೆ ಊರು ಬಿಟ್ಟರೆ ಊಟಕ್ಕೆ ತಿರುವಣ್ಣಾಮಲೈ ಸೇರಬಹುದು, ಕತ್ತಲಾಗುವ ಹೊತ್ತಿಗೆ ಹೊಸೂರು.